ಹಲಗೇರಿಯವನನ್ನು ಆರು ಸಲ ಅಳಿಸಿದ್ದು

ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜೊಂದರ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ದೀಪಿಕಾ, ತಾನು ಕೊಟ್ಟ ಮಾತಿಗೆ ತಾನೇ ಸಿಕ್ಕಿಬಿದ್ದ ಸಂಗತಿಯನ್ನು ಅಲ್ಲಿಯವರು ಈಗಲೂ ನಕ್ಕು ನಕ್ಕು ಹೇಳುತ್ತಾರೆ.

ಚೀಲ ಇಟ್ಟ ರೈತರು ಆ ವೆಬ್‌ಸೈಟಿನಲ್ಲಿ ಹೆಸರು, ಊರು, ಮೊಬೈಲ್ ನಂಬರ್ ತುಂಬಿದರೆ ದಿನದ ದರ ಮೆಸೇಜಿನಲ್ಲಿ ಬರುತ್ತಿತ್ತು. ಕೊನೆಯ ಪುಟದಲ್ಲಿ ದೀಪಿಕಾ ಕೈಯಾರೆ ಬರೆದಿದ್ದಳು: ‘ನಿಮ್ಮ ಮಾಹಿತಿಯನ್ನು ದರ ತಿಳಿಸಲು ಮಾತ್ರ ಬಳಸುತ್ತೇವೆ. ಅಳಿಸಿ ಎಂದರೆ, ನಾವೇ ಒಮ್ಮೆ ಫೋನ್ ಮಾಡಿ ಕೇಳಿಕೊಂಡು, ಎಲ್ಲ ಕಡೆಯಿಂದಲೂ ಅಳಿಸುತ್ತೇವೆ.’ ಆ ಪುಟವನ್ನು ಯಾರೂ ಓದಲಿಲ್ಲ. ರಾಣೇಬೆನ್ನೂರಿನ ಬದಿಯ ಹಲಗೇರಿಯ ಫಕ್ಕೀರೇಶ ಒಬ್ಬನೇ ಓದಿದ; ತನ್ನ ಮಾಹಿತಿ ಅಳಿಸಬೇಕೆಂದು ವೆಬ್‌ಸೈಟಿನಲ್ಲೇ ಬರೆದು ಕೇಳಿದ.

ದೀಪಿಕಾ ಫೋನ್ ಮಾಡಿದಳು. “ಯಾಕ್ರೀ, ಏನರ ತಪ್ಪಾತೇನ್ರಿ?”

“ಏನಿಲ್ರಿ. ನೀವು ಖರೇನ ಅಳಿಸ್ತೀರೋ ಇಲ್ಲೋ ನೋಡಾಕತ್ತೇನ್ರಿ.”

ಅಳಿಸಿದಳು. ಮೂರನೆಯ ದಿನ ಅವನು ಮತ್ತೆ ಹೆಸರು ತುಂಬಿದ. ನಾಲ್ಕನೆಯ ದಿನ ಮತ್ತೆ ಅಳಿಸಲು ಕೇಳಿದ. ಮತ್ತೆ ಫೋನು. ಅಳಿಸುವ ಮಾತು ಅರ್ಧ ನಿಮಿಷ, ಅವನ ಹೊಲಕ್ಕೆ ಬರುವ ನವಿಲುಗಳ ಮಾತು ಹತ್ತು ನಿಮಿಷ. ಐದನೆಯ ಸಲದ ಹೊತ್ತಿಗೆ ದೀಪಿಕಾ ಫೋನೆತ್ತುವ ಮೊದಲು ಕನ್ನಡಿ ನೋಡಿಕೊಳ್ಳತೊಡಗಿದ್ದಳು. ಫೋನಿನಲ್ಲಿ ಮುಖ ಕಾಣದೆಂಬುದು ಅವಳಿಗೂ ಗೊತ್ತಿತ್ತು.

ಅವನು ಆರನೆಯ ಸಲ ಹೆಸರು ತುಂಬಿದಾಗ ಮಾಲೀಕ ರುದ್ರಮುನಿಯ ಕಣ್ಣಿಗೆ ಇದು ಬಿತ್ತು. “ಏನವಾ ದೀಪಿಕಾ, ಈ ಹಲಗೇರಿಯಾಂವಗ ಬ್ಯಾರೆ ಉದ್ಯೋಗ ಇಲ್ಲೇನು? ಇನ್ನೊಮ್ಮೆ ಹೆಸರು ತುಂಬಿದ್ನಂದ್ರ ಬ್ಲಾಕ್ ಮಾಡಿಬಿಡು.”

ಆರನೆಯ ಕರೆಯಲ್ಲಿ ಅವಳು ಆ ಮಾತನ್ನು ಮೆಲ್ಲಗೆ ತಿಳಿಸಿದಳು. ಅವನು ನವಿಲಿನ ಮಾತನ್ನು ಅರ್ಧಕ್ಕೇ ನಿಲ್ಲಿಸಿದ.

“ಆತ್ರಿ. ಅಳಿಸಿಬಿಡ್ರಿ.”

ಕಂಪ್ಯೂಟರಿನಿಂದ ಅಳಿಸಿದಳು, ಬ್ಯಾಕಪ್‌ನಿಂದ ಅಳಿಸಿದಳು, ಫೋನಿನ ಕರೆಪಟ್ಟಿಯಿಂದಲೂ ಅಳಿಸಿದಳು. ಒಂಬತ್ತು ದಿನ ಆ ದನಿಯಿಲ್ಲದೆ ಕಳೆದವು. ತಾನಾಗಿ ಮಾತಾಡೋಣವೆಂದರೆ ತಾನೇ ಬರೆದ ಪುಟ ಅಡ್ಡ ಬರುತ್ತಿತ್ತು: ದರ ತಿಳಿಸಲು ಮಾತ್ರ!

ಹತ್ತನೆಯ ದಿನ ಇಸ್ತ್ರಿ ಅಂಗಿಯ ಯುವಕನೊಬ್ಬ ಮೆಣಸಿನಕಾಯಿಯ ಘಾಟಿಗೆ ಸೀನುತ್ತ ಕೌಂಟರಿನ ಮುಂದೆ ನಿಂತ. “ನಾ ಹಲಗೇರಿ ಫಕ್ಕೀರೇಶ. ತಪಾಸ ಮಾಡಾಕ ಬಂದೇನ್ರಿ. ನಂದೆಲ್ಲಾ ಪೂರಾ ಅಳಿಸೀರೇನು?”

ದೀಪಿಕಾ ರಿಜಿಸ್ಟರನ್ನು ತಲೆಕೆಳಗಾಗಿ ಹಿಡಿದಳು. “ಅಳಿಸೇನ್ರಿ.”

“ಎಲ್ಲಾ ಕಡೆ?”

ಸುಳ್ಳು ಅವಳ ಬಾಯಿಗೆ ಬರುವಂಥದಲ್ಲ. “ಒಂದ ಕಡೆ ಉಳದೈತ್ರಿ.”

“ಎಲ್ಲಿ?”

ಅವಳು ನೆಲ ನೋಡುತ್ತ, ಅವನ ನಂಬರಿನ ಹತ್ತೂ ಅಂಕಿಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. “ತಲ್ಯಾಗಿಂದ ಹೋಗವಲ್ದ್ರಿ.”

ಫಕ್ಕೀರೇಶನ ಗತ್ತೆಲ್ಲ ಇಳಿಯಿತು. “ನಾನೂ ಖರೇ ಹೇಳ್ತೇನ್ರಿ. ನಿಮ್ಮ ಫೋನ್ ಬರ್ಲಿ ಅಂತನ ಆರು ಸಲ ಅಳಸಾಕ ಹಚ್ಚಿದ್ನಿ.”

“ಗೊತ್ತಿತ್ರಿ. ಆದ್ರ ನಂಬರ ಇಟಗೊಳ್ಳಾಕ ನಿಮ್ಮ ಒಪ್ಪಿಗಿ ಬೇಕು. ಯಾತಕ್ಕಂತ ಕಾರಣನೂ ಬೇಕು. ಬರದು ಕೊಡ್ರಿ,” ಎಂದು ಕಾಗದ ಸರಿಸಿದಳು.

ಅವನು ಬರೆದ: ‘ಒಪ್ಪಿಗಿ ಐತಿ. ಕಾರಣ: ಮದುವಿ. ಅವಧಿ: ಜೀವ ಇರೂತನಾ.’

ದೀಪಿಕಾ ಎರಡು ಸಲ ಓದಿದಳು. ಕೆಳಗೆ ತನ್ನ ಹೆಸರು, ಊರು, ಮನೆಯ ವಿಳಾಸ ಬರೆದು ಕಾಗದವನ್ನು ಅವನ ಕಡೆ ತಳ್ಳಿದಳು. “ಯಾರ ಕೈಯಾಗೂ ಕೊಡಬ್ಯಾಡ್ರಿ ಮತ್ತ.”

“ನಮ್ಮವ್ವ ಒಬ್ಬಾಕಿಗೆ ಕೊಡ್ಲೇನ್ರಿ?”

“ಆಕಿಗೆ ಇವತ್ತ ಕೊಡ್ರಿ.”