ಮುಚ್ಚಿದ ಫೈಲಿನ ವಯಸ್ಸು

ಮಕ್ಕಳ ಕ್ಲಿನಿಕ್ಕಿನ ಸಾಫ್ಟ್‌ವೇರ್ ಬರೆದವಳು ನಾನೇ, ತಪ್ಪೂ ನನ್ನದೇ. ಹುಟ್ಟಿದ ತಾರೀಖಿನಿಂದ ಮಗುವಿನ ವಯಸ್ಸನ್ನು ದಿನಗಳಲ್ಲಿ ಲೆಕ್ಕ ಹಾಕಿ ಫೈಲಿನಲ್ಲೇ ಬರೆದಿಟ್ಟಿದ್ದೆ. ಯಾರಾದರೂ ಫೈಲು ತೆರೆದು ಸೇವ್ ಮಾಡಿದರೆ ಮಾತ್ರ ಆ ಅಂಕಿ ಬದಲಾಗುತ್ತಿತ್ತು.

“ಔಷಧಿ ಅಳತೆ ಇದನ್ನ ನೋಡೇ ಹಾಕೋದು. ನಿಮ್ಮ ಮಗಳೂ ಇಲ್ಲಿಗೇ ಬರ್ತಾಳೆ, ನೆನಪಿರ್ಲಿ,” ಎಂದು ನರ್ಸಮ್ಮ ಮುಖಕ್ಕೆ ಹೊಡೆದಂತೆ ಹೇಳಿದರು.

ಮಧ್ಯಾಹ್ನ ಅವರ ಕಂಪ್ಯೂಟರಿನ ಮುಂದೆ ಕೂತೆ. ಬಹಳ ದಿನದಿಂದ ಬಾರದ ಮಕ್ಕಳ ವಯಸ್ಸೆಲ್ಲ ಹಿಂದೆ ಬಿದ್ದಿತ್ತು. ಒಂದು ಮಗುವಿನದು ಮಾತ್ರ ನಿನ್ನೆಯವರೆಗೆ ಸರಿಯಾಗಿತ್ತು. ಆ ಮಗು ತೀರಿಕೊಂಡು ಆರು ವರ್ಷವಾಯಿತೆಂದು ಅದೇ ಫೈಲಿನಲ್ಲಿತ್ತು.

“ಈ ಫೈಲನ್ನ ಯಾರು ತೆಗೀತಿದಾರೆ?” ಎಂದೆ.

“ಯಾರೂ ಇಲ್ಲ. ಅದರ ತಂಟೆಗೆ ಹೋಗ್ಬೇಡಿ,” ಎಂದ ನರ್ಸಮ್ಮ ಪರದೆಯತ್ತ ತಿರುಗಲಿಲ್ಲ.

ಫೈಲಿನ ದಾಖಲೆ ನೋಡಿದರೆ, ಪ್ರತಿದಿನ ನಾಲ್ಕು ಹತ್ತಕ್ಕೆ ಒಂದು ಸೇವ್ ಆಗಿತ್ತು, ಮಾಡಿದವರ ಹೆಸರಿನ ಜಾಗ ಖಾಲಿ. ಆಗ ಗಂಟೆ ನಾಲ್ಕು ಎಂಟು. ಹಟಕ್ಕೆ ಬಿದ್ದು, ಯಾರೂ ಸೇವ್ ಮಾಡಲಾಗದಂತೆ ಆ ಫೈಲಿಗೆ ಬೀಗ ಹಾಕಿದೆ. ಎರಡು ನಿಮಿಷಕ್ಕೆ ಕೀಬೋರ್ಡು ತಣ್ಣಗೆ ಕೊರೆಯತೊಡಗಿತು. ಎಂಟರ್ ಕೀ ತಾನಾಗಿ ತಗ್ಗಿತು, ಎದ್ದಿತು, ಮತ್ತೆ ತಗ್ಗಿತು, ಬಾಗಿಲು ಯಾಕೆ ತೆರೆಯುತ್ತಿಲ್ಲವೆಂದು ಯಾರೋ ತಳ್ಳಿ ನೋಡುವ ಹಾಗೆ. ಆಮೇಲೆ ನಿಂತಿತು. ನಾನು ಹೆದರಿ ಬೀಗ ತೆಗೆದೆ.

ಇದಾಗಿ ಈಗ ಎರಡು ತಿಂಗಳು. ವಯಸ್ಸನ್ನು ಬರೆದಿಡುವುದನ್ನೇ ಬಿಟ್ಟು, ಕೇಳಿದಾಗೆಲ್ಲ ಹೊಸದಾಗಿ ಲೆಕ್ಕ ಹಾಕುವಂತೆ ಮಾಡಿದ್ದೇನೆ. ಎಲ್ಲ ಮಕ್ಕಳದೂ ಸರಿಯಾಗಿ ಬರುತ್ತಿದೆ. ನನ್ನ ಮಗಳದು ಮಾತ್ರ ನಾನು ಬೀಗ ಹಾಕಿದ ದಿನದ ಅಂಕಿಯಲ್ಲೇ ನಿಂತಿದೆ.

ಇದನ್ನು ಬರೆಯುವಾಗ ಅವಳು ಪಕ್ಕದಲ್ಲಿ ಮಲಗಿದ್ದಾಳೆ. ಎರಡು ತಿಂಗಳಿಂದ ಅವಳ ಉಗುರು ಕತ್ತರಿಸುವ ಕೆಲಸ ಬಿದ್ದಿಲ್ಲ.