ಬಿಸಿಲು ಬಂದಾಗ ಹೋಗುವ ನೆಟ್

"ಹಲೋ... ಹಲೋ? ನನ್ನ ಮಾತು ಕೇಳಿಸ್ತಿದೆಯಾ?"

ಕೋಣೆಯ ಒಳಗೆ ಫೋನಿನಲ್ಲಿದ್ದ ಅಮ್ಮನ ದನಿ ಅದು. ಆಮೇಲೆ ಹೆಡ್‌ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು.

"ಹೋಯ್ತಾ?" ಹಾಲ್‌ನಿಂದ ಅಣ್ಣ ಕೇಳಿದ.

"ಹೋಯ್ತು," ಅಂದಳು ಚಿಕ್ಕಿ. ಅವಳು ಆಗಲೇ ಮೂಲೆಯಲ್ಲಿದ್ದ ನೆಟ್ ಡಬ್ಬಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಹಸಿರು ದೀಪ ಆರಿ, ಪಕ್ಕದ ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು.

ಕಿಟಕಿಯ ಬಳಿ ಒರಗಿಕೊಂಡಿದ್ದ ಅಜ್ಜ ಏನಾಯಿತೆಂದು ನೋಡಲು ಮೆಲ್ಲಗೆ ಎದ್ದು ಬಂದರು. ಅವರು ಬಂದು ಬಗ್ಗಿ ನೋಡುವ ಹೊತ್ತಿಗೆ ಕೆಂಪು ದೀಪ ಆರಿತ್ತು. ಒಂದೆರಡು ನಿಮಿಷದಲ್ಲಿ ಹಸಿರು ದೀಪ ಏನೂ ಆಗದ ಹಾಗೆ ಉರಿಯತೊಡಗಿತು.

"ಹೇಳದೆ ಹೋಗುತ್ತೆ, ಕರೆಯದೆ ಬರುತ್ತೆ," ಅಂದರು ಅಜ್ಜ.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ನಗಲಿಲ್ಲ. ಅಮ್ಮನ ಕೆಲಸ ಕಣ್ಣಿನ ಆಸ್ಪತ್ರೆಯದು. ಡಾಕ್ಟರನ್ನು ನೋಡಬೇಕು ಎಂದು ಫೋನ್ ಮಾಡುವವರಿಗೆಲ್ಲ ಮನೆಯಿಂದಲೇ ಕಂಪ್ಯೂಟರ್ ನೋಡಿಕೊಂಡು ದಿನ, ಗಂಟೆ ಹೇಳಬೇಕು. "ಆ ಹೆಂಗಸಿಗೆ ಗುರುವಾರ ಬನ್ನಿ ಅಂತ ಹೇಳಿದೆ. ಎಷ್ಟು ಗಂಟೆಗೆ ಅಂತ ಹೇಳೋಷ್ಟರಲ್ಲಿ ಕಟ್ ಆಯ್ತು. ಪಾಪ, ಬೆಳಗಿನಿಂದ ಬಂದು ಕಾಯ್ತಾ ಕೂತ್ಕೋತಾರೆ."

ಹಿಂದಿನ ದಿನವೇ ಆಫೀಸಿನ ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ಈ ವಾರದಲ್ಲಿ ನೆಟ್ ಸರಿಹೋಗದಿದ್ದರೆ ಮುಂದಿನ ಸೋಮವಾರದಿಂದ ಆಫೀಸಿಗೇ ಬರಬೇಕು. ಆಫೀಸಿಗೆ ಎರಡು ಬಸ್ಸು. ಚಿಕ್ಕಿ ಏಳುವ ಮೊದಲೇ ಅಮ್ಮ ಹೊರಡಬೇಕು, ಬರುವಾಗ ಕತ್ತಲಾಗಿರುತ್ತದೆ.

ಚಿಕ್ಕಿ ಲೆಕ್ಕ ಹಾಕಿದಳು. ಇವತ್ತು ಮಂಗಳವಾರ.

ಅಷ್ಟರಲ್ಲಿ ಅಮ್ಮನ ಫೋನ್ ರಿಂಗಾಯಿತು. ನೆಟ್ ರಿಪೇರಿ ಮಾಡುವ ಅಂಕಲ್. ಹತ್ತು ನಿಮಿಷದಲ್ಲಿ ಬರುತ್ತಾರಂತೆ.

ತಕ್ಷಣ ಮನೆಯಲ್ಲಿ ಗಾಳಿ ಎದ್ದ ಹಾಗಾಯಿತು. ಅಮ್ಮ ಸೋಫಾದ ಮೇಲಿದ್ದ ಬಟ್ಟೆಗಳನ್ನು ಬಾಚಿ ಕೋಣೆಗೆ ಎಸೆದಳು. ಅಣ್ಣ ಚಪ್ಪಲಿಗಳನ್ನು ಜೋಡಿಸಿದ. ಅಜ್ಜನ ದೊಡ್ಡ ಮರದ ಕುರ್ಚಿಯನ್ನು ಇಬ್ಬರೂ ಸೇರಿ ಕಿಟಕಿಯಿಂದ ಎಳೆದು ಟಿವಿಯ ಪಕ್ಕಕ್ಕೆ, ಅದರ ಜಾಗಕ್ಕೆ ಸೇರಿಸಿದರು. ಹೊರಗಿನವರು ಬರುತ್ತಾರೆ ಎಂದರೆ ಈ ಮನೆಯಲ್ಲಿ ಯಾವಾಗಲೂ ಹೀಗೇ.

ನೆಟ್ ಅಂಕಲ್ ಬಂದು ಡಬ್ಬಿಗೆ ಪುಟ್ಟ ಮೀಟರ್ ಹಾಕಿ ನೋಡಿದರು. ಇದು ಅವರ ಮೂರನೇ ಸಲ.

"ಬೆಳಕು ಚೆನ್ನಾಗೇ ಬರ್ತಿದೆಯಲ್ಲ."

"ಬೆಳಕಾ?" ಚಿಕ್ಕಿ ಹತ್ತಿರ ಬಂದಳು.

"ಹೂಂ. ಈ ವೈರೊಳಗೆ ಕರೆಂಟಿಲ್ಲ ಮರಿ. ಗಾಜಿನ ಎಳೆ ಇದೆ, ನಿನ್ನ ಕೂದಲಿನಷ್ಟು ಸಣ್ಣದು. ಅದರಲ್ಲಿ ಬೆಳಕು ಓಡುತ್ತೆ. ನಿಮ್ಮಮ್ಮನ ಮಾತೆಲ್ಲ ಬೆಳಕಾಗಿ ಹೋಗೋದು."

ಚಿಕ್ಕಿ ಆ ಬಿಳಿ ವೈರನ್ನೇ ನೋಡಿದಳು. ಬಾಲ್ಕನಿಯಿಂದ ಒಳಗೆ ಬಂದು, ಕಿಟಕಿಯ ಕೆಳಗೆ ಗೋಡೆಯ ಬುಡದಲ್ಲಿ ಹಾದು ಅದು ಡಬ್ಬಿ ಸೇರಿತ್ತು. ಗಾಜು ಮುರಿಯದೆ ಹೇಗೆ ಬಾಗುತ್ತದೆ? ಮಾತು ಹೇಗೆ ಬೆಳಕಾಗುತ್ತದೆ? ಅವಳಿಗೆ ಒಟ್ಟಿಗೆ ಏಳೆಂಟು ಪ್ರಶ್ನೆಗಳು ಬಂದವು.

"ಈಗ ತಾನೇ ಹೋಗಿತ್ತು, ನಿಜ," ಅಂದಳು ಅಮ್ಮ.

"ನನ್ನ ಕಂಡ್ರೆ ನಿಮ್ಮ ನೆಟ್ ಸಾಧು ಆಗ್ಬಿಡುತ್ತೆ ನೋಡಿ. ಹೋಗಿದ್ದಾಗ ನೋಡದೆ ನಾನೇನು ಹುಡುಕ್ಲಿ?" ಅಂಕಲ್ ಚಿಕ್ಕಿಯ ಕಡೆ ತಿರುಗಿದರು. "ನಿನಗೆ ರಜ ಅಲ್ವಾ? ಒಂದು ಕೆಲಸ ಮಾಡು. ನೆಟ್ ಹೋದಾಗ ಟೈಮ್ ಬರೆದಿಡು. ಆವಾಗ ಮನೇಲಿ ಯಾರು ಏನು ಮಾಡ್ತಿದ್ರು, ಅದನ್ನೂ ಬರಿ."

ಚಿಕ್ಕಿ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗೆ ಗೆರೆ ಎಳೆದಳು. ಮೊದಲ ಅನುಮಾನ ಅಣ್ಣನ ಮೇಲೆ.

"ಇಡೀ ದಿನ ಗೇಮ್ ಆಡ್ತೀಯ. ನೀನೇ ನೆಟ್ಟನ್ನೆಲ್ಲ ತಿಂದು ಖಾಲಿ ಮಾಡ್ತಿದ್ದೀಯ."

"ನೆಟ್ ಏನು ಬಿಸ್ಕತ್ ಪ್ಯಾಕಾ, ಖಾಲಿ ಆಗೋಕೆ?" ಅಂದ ಅಣ್ಣ. ಆದರೂ ಅಮ್ಮ ಅವನ ಫೋನನ್ನು ಬೀರುವಿನಲ್ಲಿಟ್ಟಳು. ಬುಧವಾರ ಹತ್ತು ಇಪ್ಪತ್ತಕ್ಕೆ ನೆಟ್ ಹೋಯಿತು. ಹನ್ನೊಂದಕ್ಕೆ ಮತ್ತೆ ಹೋಯಿತು.

"ನನ್ನ ಫೋನ್ ವಾಪಸ್ ಕೊಡಿ. ಕ್ಷಮೆನೂ ಕೇಳಿ," ಅಂದ ಅಣ್ಣ.

ಚಿಕ್ಕಿ ಮಿಕ್ಸಿ ಹಾಕಿಸಿ ನೋಡಿದಳು. ವಾಷಿಂಗ್ ಮೆಷಿನ್ ಗಡಗಡ ತಿರುಗುವಾಗ ನೋಡಿದಳು. ಹಸಿರು ದೀಪ ಅಲ್ಲಾಡಲಿಲ್ಲ. ಬಾಲ್ಕನಿಯ ಪಾರಿವಾಳದ ಮೇಲೂ ಒಂದು ಗಂಟೆ ಕಣ್ಣಿಟ್ಟಳು. ಅದು ವೈರಿನ ತಂಟೆಗೇ ಹೋಗಲಿಲ್ಲ.

ಗುರುವಾರ ಆಕಾಶದ ತುಂಬ ಮೋಡ. ಅವತ್ತು ನೆಟ್ ಒಂದು ಸಲವೂ ಹೋಗಲಿಲ್ಲ.

"ಅಂದ್ರೆ ನಮ್ಮ ನೆಟ್‌ಗೆ ಬಿಸಿಲು ಆಗಿಬರಲ್ಲ," ಅಂದ ಅಣ್ಣ. "ಅದಕ್ಕೊಂದು ಟೋಪಿ ಹಾಕು."

ಅವನು ಹೇಳಿದ್ದು ತಮಾಷೆಗೆ. ಚಿಕ್ಕಿ ಮಾತ್ರ ನೋಟ್‌ಬುಕ್ ತೆರೆದು ನೋಡಿದಳು. ಹತ್ತು ಇಪ್ಪತ್ತು, ಹನ್ನೊಂದು. ಎಲ್ಲ ಬಿಸಿಲಿನ ಹೊತ್ತೇ. ಬಿಸಿಲಿಗೂ ವೈರಿಗೂ ಏನು ಸಂಬಂಧ?

ಶುಕ್ರವಾರ ಬೆಳಿಗ್ಗೆ ಅವಳು ಬಿಸಿಲನ್ನೇ ಕಾದು ಕೂತಳು. ಹತ್ತು ಗಂಟೆಗೆ ಅದು ಕಿಟಕಿಯಿಂದ ಇಳಿದು ನೆಲದ ಮೇಲೆ ಚಾಪೆಯಷ್ಟು ಅಗಲ ಹರಡಿತು. ಅದನ್ನು ಕಂಡು ಅಜ್ಜ ಕುರ್ಚಿಯನ್ನು ಕರಕರ ಎಳೆದು ತಂದರು. ಮಂಡಿಗಳಿಗೆ ಬಿಸಿಲು ತಾಕುವ ಹಾಗೆ ಕೂತು, "ಅಬ್ಬಾ," ಎಂದು ಹಿಂದಕ್ಕೆ ಒರಗಿದರು.

ಕೆಂಪು ದೀಪ.

ಚಿಕ್ಕಿಯ ಪೆನ್ಸಿಲ್ ಕೈಯಲ್ಲೇ ನಿಂತಿತು. ಅವಳು ಅಜ್ಜನನ್ನು ನೋಡಿದಳು, ದೀಪವನ್ನು ನೋಡಿದಳು. ಅಜ್ಜ ಸ್ನಾನಕ್ಕೆ ಎದ್ದು ಹೋಗಿ, ಹಸಿರು ದೀಪ ಮತ್ತೆ ಬಂದ ಮೇಲೆ ತಾನೇ ಆ ಕುರ್ಚಿಯಲ್ಲಿ ಕೂತು ಒರಗಿದಳು. ಏನೂ ಆಗಲಿಲ್ಲ. ಚಿಕ್ಕಿಯ ತೂಕ ಇಪ್ಪತ್ತಾರು ಕೆ.ಜಿ. ಕುರ್ಚಿ ಜಪ್ಪಯ್ಯ ಅಂದರೂ ಕದಲಲಿಲ್ಲ.

ಯಾಕೋ ಅವಳಿಗೆ ಸಮಾಧಾನವಾಯಿತು. ಇದು ಅಜ್ಜನಿಂದ ಅಲ್ಲದೆ ಬೇರೆ ಯಾರಿಂದಲಾದರೂ ಆಗಿರಲಿ ಅನ್ನಿಸಿತು. ಆದರೆ ನೆಟ್ ಅಂಕಲ್ ಹೇಳಿದ್ದರಲ್ಲ, ನೋಡಿದ್ದನ್ನು ಬರಿ ಅಂತ. ಅವಳು ಬರೆದಳು.

ಮಧ್ಯಾಹ್ನಕ್ಕೆ ಮೊದಲು ಅಂಕಲ್ ಬರುತ್ತೇನೆಂದು ಫೋನ್ ಮಾಡಿದಾಗ ಅಮ್ಮ ಬಟ್ಟೆ ಬಾಚಲು ಓಡಿದಳು. ಚಿಕ್ಕಿ ಅಡ್ಡ ನಿಂತಳು.

"ಬೇಡಮ್ಮ. ಮನೆ ಹೇಗಿದೆಯೋ ಹಾಗೇ ಇರ್ಲಿ. ಕುರ್ಚಿನೂ ಸರಿಸ್ಬೇಡ. ನಾವು ಪ್ರತಿ ಸಲ ಒಪ್ಪ ಮಾಡಿಬಿಡ್ತೀವಿ, ಅದಕ್ಕೇ ಅಂಕಲ್‌ಗೆ ಏನೂ ಸಿಗ್ತಿಲ್ಲ."

"ಹೊರಗಿನವರ ಮುಂದೆ ಈ ಅವತಾರನಾ? ಏನಂದ್ಕೋತಾರೆ?"

"ಏನಾದ್ರೂ ಅಂದ್ಕೊಳ್ಳಲಿ ಬಿಡಮ್ಮ, ನೆಟ್ ಸರಿಹೋದ್ರೆ ಸಾಕು," ಅಂದ ಅಣ್ಣ, ಕಾಲ ಮೇಲೆ ಕಾಲು ಹಾಕಿಕೊಂಡು. ಕೆಲಸವಿಲ್ಲದ್ದು ಅವನಿಗೆ ಬಹಳ ಹಿಡಿಸಿತ್ತು.

ಅಂಕಲ್ ನೋಟ್‌ಬುಕ್ಕನ್ನು ಕೊನೆಯ ಸಾಲಿನವರೆಗೂ ಓದಿದರು. ಆಮೇಲೆ ಡಬ್ಬಿಯಿಂದ ವೈರ್ ಬಿಚ್ಚಿ, ಜೇಬಿನಿಂದ ಕೆಂಪು ಬೆಳಕು ಬಿಡುವ ಪೆನ್ನಿನಂಥದ್ದೊಂದನ್ನು ತೆಗೆದು ಅದರ ತುದಿಗೆ ಸಿಕ್ಕಿಸಿದರು.

"ಪರದೆ ಎಳಿ ಮರಿ. ಅಜ್ಜಾ, ನೀವು ದಿನಾ ಕೂತ್ಕೊಳ್ಳೋ ಹಾಗೆ ಕೂತ್ಕೊಳ್ಳಿ."

ಅಜ್ಜ ಕೂತು ಹಿಂದಕ್ಕೆ ಒರಗಿದರು. ಕುರ್ಚಿ ಒಂದು ಬೆರಳಷ್ಟು ಹಿಂದೆ ಸರಿಯಿತು. ಅರೆಗತ್ತಲಲ್ಲಿ, ಹಿಂದಿನ ಕಾಲು ಗೋಡೆಗೆ ಒತ್ತಿದ ಜಾಗದಲ್ಲಿ, ಬಿಳಿ ವೈರಿನ ಒಳಗಿಂದ ಒಂದು ಕೆಂಪು ಚುಕ್ಕಿ ಹೊಳೆಯಿತು.

"ಅಯ್ಯೋ, ಎಷ್ಟು ಚೆನ್ನಾಗಿದೆ," ಅಂದಳು ಚಿಕ್ಕಿ.

"ನೋಡು, ಗಾಜಿನ ಎಳೆ ಸ್ವಲ್ಪ ಬಾಗಿದ್ರೆ ಪರವಾಗಿಲ್ಲ. ಹೀಗೆ ಮಡಚಿದ್ರೆ ಬೆಳಕು ಮುಂದೆ ಹೋಗಲ್ಲ, ಇಲ್ಲೇ ಹೊರಗೆ ಸೋರುತ್ತೆ. ಅಜ್ಜ ಎದ್ದ ಕೂಡಲೇ ಎಳೆ ನೆಟ್ಟಗಾಗುತ್ತೆ, ನೆಟ್ ಬರುತ್ತೆ."

ಅಜ್ಜ ತಟ್ಟನೆ ಎದ್ದುಬಿಟ್ಟರು. ಕೆಂಪು ಚುಕ್ಕಿ ಮಾಯವಾಯಿತು.

"ಅಂದ್ರೆ ಇಷ್ಟು ದಿನ ನಾನೇನಾ?"

"ನಿಮ್ಮ ತಪ್ಪೇನಿದೆ ಮಾವ," ಅಂದಳು ಅಮ್ಮ.

"ವೈರನ್ನ ನೆಲದ ಮೇಲೆ ಬಿಟ್ಟುಹೋದವರು ನಮ್ಮವರೇ ಅಜ್ಜ. ತಪ್ಪು ನಮ್ಮದು," ಅಂದರು ಅಂಕಲ್. ವೈರನ್ನು ಕಿಟಕಿಯ ಚೌಕಟ್ಟಿನ ಮೇಲಿನಿಂದ ಎಳೆದು, ಸಣ್ಣ ಸಣ್ಣ ಕ್ಲಿಪ್ ಹೊಡೆದು ಕೂರಿಸಿದರು. ಅಜ್ಜ ಕುರ್ಚಿಯನ್ನು ತಾವೇ ಟಿವಿಯ ಪಕ್ಕಕ್ಕೆ ಸರಿಸಿದರು.

ಶನಿವಾರ ಅಮ್ಮನ ದನಿ ಬೆಳಗಿನಿಂದ ನಿಲ್ಲದೆ ಕೇಳುತ್ತಿತ್ತು. ಹನ್ನೊಂದು ಗಂಟೆಗೆ ಅವಳು ನೀರು ಕುಡಿಯಲು ಹೊರಗೆ ಬಂದಳು. "ಮೂವತ್ತೆರಡು ಜನ ಮಾತಾಡಿದ್ರು. ಒಬ್ಬರ ಮಾತೂ ಅರ್ಧಕ್ಕೆ ನಿಲ್ಲಲಿಲ್ಲ," ಎಂದು ಚಿಕ್ಕಿಯ ಕೆನ್ನೆ ಹಿಂಡಿ ಒಳಗೆ ಹೋದಳು.

ಚಿಕ್ಕಿ ನೋಟ್‌ಬುಕ್ ತೆರೆದು ಬರೆದಳು: 'ಶನಿವಾರ. ನೆಟ್ ಹೋಗಿಲ್ಲ. ಸರಿಹೋಗಿದೆ.' ಮನೆಯಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ಬರೆಯಲು ತಲೆ ಎತ್ತಿದಳು.

ಬಿಸಿಲು ನೆಲದ ಮೇಲೆ ಚಾಪೆಯಷ್ಟು ಅಗಲ ಬಿದ್ದಿತ್ತು. ಅದರಲ್ಲಿ ಯಾರೂ ಇರಲಿಲ್ಲ. ಅಜ್ಜ ಟಿವಿಯ ಪಕ್ಕದಲ್ಲಿ ನೆಟ್ಟಗೆ ಕೂತು, ಎರಡೂ ಕೈಗಳಿಂದ ಮಂಡಿ ತಿಕ್ಕುತ್ತಿದ್ದರು.

ಚಿಕ್ಕಿ ತುಂಬ ಹೊತ್ತು ನೋಡಿದಳು. ನಿನ್ನೆಯಿಂದ ನೆಟ್ ಹೋಗಿಲ್ಲ. ನಿನ್ನೆಯಿಂದ ಅಜ್ಜ ಬಿಸಿಲಿಗೂ ಹೋಗಿಲ್ಲ.

ಅವಳು 'ಸರಿಹೋಗಿದೆ' ಅನ್ನುವುದನ್ನು ಅಳಿಸಿದಳು.

"ಅಜ್ಜ, ಸ್ವಲ್ಪ ಏಳಿ. ಚೆಕ್ ಮಾಡೋದು ಬಾಕಿ ಇದೆ."

"ಏನು ಚೆಕ್ಕು? ಎಲ್ಲ ಸರಿಹೋಯ್ತಲ್ಲ."

"ಅರ್ಧ ಚೆಕ್ ಆಗಿದೆ." ಅವಳು ಕುರ್ಚಿಗೆ ಬೆನ್ನು ಕೊಟ್ಟು ತಳ್ಳಿದಳು. ಅದು ಅಲ್ಲಾಡಲಿಲ್ಲ. ಅಣ್ಣ ಏನೂ ಕೇಳದೆ ಎದ್ದು ಬಂದು ಇನ್ನೊಂದು ಬದಿ ಹಿಡಿದ. ಇಬ್ಬರೂ ಸೇರಿ ಕರಕರ ಎಳೆದು, ಬಿಸಿಲಿನ ನಡುವೆ ನಿಲ್ಲಿಸಿದರು.

"ಬೇಡ ಮಗು. ನಿಮ್ಮಮ್ಮ ಫೋನಲ್ಲಿದ್ದಾಳೆ. ಹೆಚ್ಚುಕಮ್ಮಿ ಆದ್ರೆ?"

"ಆದ್ರೆ ಅಂಕಲ್‌ನ ಮತ್ತೆ ಕರೆಯೋಣ. ನೀವು ಕೂತ್ಕೊಳ್ಳದೆ ಅದು ಗೊತ್ತಾಗೋದು ಹೇಗೆ?"

ಅಜ್ಜ ಬೇರೆ ಯಾರದೋ ಕುರ್ಚಿಯಲ್ಲಿ ಕೂರುವ ಹಾಗೆ ತುದಿಯಲ್ಲಿ ಕೂತರು. ಆಮೇಲೆ ಇಷ್ಟಿಷ್ಟೇ ಹಿಂದಕ್ಕೆ ಒರಗಿದರು. ಕುರ್ಚಿಯ ಕಾಲು ಗೋಡೆಗೆ ಟಕ್ ಎಂದು ತಾಕಿತು. ಅಜ್ಜ ಉಸಿರು ಬಿಗಿಹಿಡಿದು ಕೋಣೆಯ ಕಡೆ ಕಿವಿಗೊಟ್ಟರು.

"...ಹೌದು, ಬುಧವಾರ ಹತ್ತೂವರೆಗೆ," ಅನ್ನುತ್ತಿದ್ದಳು ಅಮ್ಮ. "ಒಬ್ಬರೇ ಬರಬೇಡಿ, ಕಣ್ಣಿಗೆ ಔಷಧಿ ಹಾಕ್ತಾರೆ. ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬನ್ನಿ..."

ಮಾತು ನಿಲ್ಲದೆ ಸಾಗುತ್ತಲೇ ಇತ್ತು.

ಚಿಕ್ಕಿ ದೀಪ ನೋಡಲು ಹೋಗಲಿಲ್ಲ. ಅಜ್ಜನ ಕೈಗಳನ್ನೇ ನೋಡುತ್ತ ನಿಂತಳು. ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಸಡಿಲವಾದವು. ಬಿಸಿಲು ಮೆಲ್ಲನೆ ಅವರ ಮಂಡಿಯ ಮೇಲೆ ಏರುತ್ತಿತ್ತು.

ಈಗ ಸರಿಹೋಯಿತು, ಅಂದುಕೊಂಡಳು.