ಸಿಡುಕು ಮೋರೆಯ ಹಕ್ಕಿಗಳು

"ಯಾರ್ರೀ ನೀವು? ನನ್ನ ಬಟ್ಟಲಿಗೆ ಯಾಕ್ರೀ ಕೈ ಹಾಕಿದ್ದೀರಿ?"

ಬಾಗಿಲಲ್ಲೇ ನಿಂತು ಸುಲಾನ್ ಕೂಗಿದಳು. ಊರಿಂದ ತಂದ ಚೀಲವನ್ನು ಹೆಗಲಿಂದ ಇನ್ನೂ ಇಳಿಸಿರಲಿಲ್ಲ.

ಜಿಂಗ್‌ದೆಝೆನ್‌ನ ಆ ಹಳೇ ಓಣಿಯಲ್ಲಿ, ಪಾತ್ರೆ ಮಾಡಿ ಸುಡುವ ಹು ಚಿಕ್ಕಮ್ಮನ ಪಿಂಗಾಣಿ ಮನೆಯಲ್ಲಿ, ಸುಲಾನ್‌ಳ ಮೇಜಿನ ಎದುರಿಗೆ ಯಾವನೋ ಅಪರಿಚಿತ ಕುಳಿತಿದ್ದ. ಎಡಗೈಯಲ್ಲಿ ಅವಳು ಗೆರೆ ಬರೆದಿಟ್ಟಿದ್ದ ಹಸಿ ಬಟ್ಟಲು. ಬಲಗೈಯಲ್ಲಿ ಕೋಳಿಯ ತಲೆಯಂತೆ ದಪ್ಪಗಿದ್ದ ಕುಂಚ. ಕುಂಚದ ತುದಿಯಲ್ಲಿ ಬಣ್ಣದ ನೀರು ತುಂಬಿಕೊಂಡು ಈಗಲೋ ಆಗಲೋ ಬೀಳುವ ಹಾಗಿತ್ತು.

ಅವನು ತಲೆ ಎತ್ತಲಿಲ್ಲ. ಎಡಗೈಯ ಕಿರುಬೆರಳೊಂದನ್ನು ಮಾತ್ರ ಎತ್ತಿದ.

ತಡಿ... ಅಂತ!

ಸುಲಾನ್‌ಗೆ ಮೈಯೆಲ್ಲ ಉರಿಯಿತು. ಆದರೆ ಕಾಯದೆ ಬೇರೆ ದಾರಿ ಇರಲಿಲ್ಲ. ಇನ್ನೂ ಸುಡದ ಹಸಿ ಬಟ್ಟಲಿನ ಗೆರೆಗಳೊಳಗೆ ಬಣ್ಣದ ನೀರು ತುಂಬುವಾಗ ಕೈ ನಡುವೆ ನಿಂತರೆ ಅಲ್ಲೇ ಕಲೆ ಕೂರುತ್ತದೆ. ಸುಟ್ಟ ಮೇಲೆ ದೇವರು ಬಂದರೂ ಅದು ಹೋಗದು. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಲ್ಲು ಕಚ್ಚಿ ನಿಂತಳು. ನೀರು ಅವಳು ಬರೆದ ಹೂವಿನ ದಳದೊಳಗೆ ಹರಿಯಿತು, ಗೆರೆಯ ಅಂಚಿಗೆ ಬಂದು ನಿಂತಿತು. ಉಳಿದದ್ದನ್ನು ಕುಂಚ ಮೆಲ್ಲಗೆ ಹೀರಿಕೊಂಡಿತು.

ಅವನು ಬಟ್ಟಲನ್ನು ಹಲಗೆಯ ಮೇಲಿಟ್ಟು ಕೈ ಒರೆಸಿಕೊಂಡ.

"ಹ್ಞಾ, ಈಗ ಬೈಯಿರಿ."

ಬೈಯಬೇಕೆಂದಿದ್ದ ಮಾತೆಲ್ಲ ಅಷ್ಟರಲ್ಲಿ ಆರಿಹೋಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು!

ಒಳಗಿನಿಂದ ಹು ಚಿಕ್ಕಮ್ಮ ಬಂದಳು. ಪಿಂಗಾಣಿ ಮನೆಯ ಒಡತಿ ಅವಳೇ. ಇಷ್ಟು ವರ್ಷ ಸುಲಾನ್‌ಳ ಗೆರೆಗಳಿಗೆ ನೀರು ತುಂಬುತ್ತಿದ್ದವಳೂ ಅವಳೇ.

"ಕಿರುಚಬೇಡ ಕಣೇ, ನಾನೇ ಕರೆಸಿದ್ದು. ನನ್ನ ಕೈ ನಡುಗ್ತಿರೋದು ನಿನಗೆ ಗೊತ್ತಿಲ್ವಾ? ಇವನು ಕಾವ್ ದೆಶುನ್. ದೂಚಾಂಗ್ ಕಡೆಯವನು. ಇನ್ಮೇಲೆ ಗೆರೆ ನಿಂದು, ನೀರು ಇವನದು."

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ ಚಿಕ್ಕಮ್ಮ?"

"ಕೇಳಿದ್ರೆ ಬೇಡ ಅಂತಿದ್ದೆ."

ನಿಜವೇ. ಬೇಡ ಅನ್ನುತ್ತಿದ್ದಳು.

(ಹೇಳದೆ ಕೇಳದೆ ಯಾರ ಜೊತೆಗೋ ಸಂಸಾರ ಹೂಡಿಸಿದ ಹಾಗಾಯ್ತಲ್ಲ ನನ್ನ ಗತಿ!)

* * *

ದೆಶುನ್‌ನಂಥ ಮನುಷ್ಯನ ಎದುರು ಕೂತು ಕೆಲಸ ಮಾಡುವುದೆಂದರೆ ಗೋಡೆಯ ಜೊತೆ ಜಗಳ ಆಡಿದಂತೆ.

ಏನು ಕೇಳಿದರೂ "ಹೂಂ". ಬಣ್ಣದ ಡಬ್ಬಿಗೆ ಮುಚ್ಚಳ ಹಾಕುವುದೇ ಇಲ್ಲ. ಅವಳು ನೀಟಾಗಿ ಜೋಡಿಸಿಟ್ಟ ಕುಂಚಗಳ ನಡುವೆ ತನ್ನ ತೇವದ ಚಿಂದಿ ಇಡುತ್ತಾನೆ. ಬಣ್ಣ ಕಲಸಲೆಂದು ಅವಳು ಸೋಸಿ ಇಟ್ಟಿದ್ದ ಚಹಾವನ್ನು ಒಂದು ದಿನ ಕುಡಿದೇ ಬಿಟ್ಟ!

"ಅದು ಬಣ್ಣಕ್ಕೆ ಇಟ್ಟಿದ್ದ ಚಹಾ!"

"ಬಿಸಿ ಇತ್ತು."

"ಬಿಸಿ ಇದ್ರೆ ಕುಡಿದು ಬಿಡೋದಾ?"

"ಹೂಂ."

ಅವಳು ತಲೆ ಚಚ್ಚಿಕೊಂಡಳು.

ಇದನ್ನಾದರೂ ಸಹಿಸಬಹುದು. ಆದರೆ ತನ್ನ ಗೆರೆಯ ವಿಷಯಕ್ಕೆ ಬಂದರೆ? ಅವನು ನೀರು ತುಂಬಿದ ಪ್ಲಮ್ ಹೂಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಸುಡುವ ಮೊದಲು ಎಲ್ಲ ಬರೀ ಬೂದಿಗಪ್ಪು. ಆ ಕಪ್ಪಿನಲ್ಲೂ ತಪ್ಪು ಎದ್ದು ಕಾಣುತ್ತಿತ್ತು.

"ಪ್ರತಿ ದಳದ ತುದಿ ಖಾಲಿ ಬಿಟ್ಟಿದ್ದೀರಲ್ಲ!"

"ಹೂಂ."

"ಮರೆತ್ರಾ?"

"ಇಲ್ಲ."

"ಮತ್ಯಾಕೆ?"

"ಆವಿಗೆಯಲ್ಲಿ ಸುಟ್ಟು ಬರ್ಲಿ ತಡೀರಿ."

ಆವಿಗೆ ತೆರೆದ ದಿನ ಸುಲಾನ್ ಎಲ್ಲರಿಗಿಂತ ಮೊದಲು ಓಡಿದಳು. ತಪ್ಪನ್ನು ಹಿಡಿದು ಚಿಕ್ಕಮ್ಮನ ಮುಂದೆ ಇಡಲೇಬೇಕಿತ್ತು. ಇನ್ನೂ ಬೆಚ್ಚಗಿದ್ದ ಬಟ್ಟಲನ್ನು ಕೈಗೆತ್ತಿಕೊಂಡಳು...

ಕಪ್ಪೆಲ್ಲ ನೀಲಿಯಾಗಿತ್ತು. ದಳದ ಬುಡದಲ್ಲಿ ಗಾಢ ನೀಲಿ, ಮೇಲೇರುತ್ತ ತಿಳಿ, ಇನ್ನೂ ತಿಳಿ. ಖಾಲಿ ಬಿಟ್ಟಿದ್ದ ತುದಿಯಲ್ಲಿ ಎಳೆಬಿಸಿಲು ಬಿದ್ದಂತೆ ಬಿಳಿ. ಅವಳು ಬರೆದ ಹೂವೇ. ಆದರೆ ಅವಳಿಗೇ ಗೊತ್ತಿಲ್ಲದ ಹಾಗೆ ಅದು ಅರಳಿತ್ತು.

ತಿರುಗಿ ನೋಡಿದರೆ ಅವನು ಬಾಗಿಲಿಗೊರಗಿ ನಿಂತು ಇವಳ ಮುಖವನ್ನೇ ನೋಡುತ್ತಿದ್ದ.

"ಪರವಾಗಿಲ್ಲ," ಎಂದಳು ಗಡುಸಾಗಿ.

"ಹೂಂ," ಎಂದ ಅವನು.

(ಚೆನ್ನಾಗಿರೋದೇ ಸಹಿಸೋಕಾಗ್ತಿಲ್ಲವಲ್ಲ! ಕೆಟ್ಟದಾಗಿದ್ದಿದ್ರೆ ಎಷ್ಟು ನೆಮ್ಮದಿಯಾಗಿರ್ತಿತ್ತು...)

ಅಂದಿನಿಂದ ಏನಾಯಿತೋ ಅವಳಿಗೇ ತಿಳಿಯದು. ಬೆಳಗ್ಗೆ ಓಣಿಯ ಮೂಲೆಯಲ್ಲಿ ಖಾರದೆಣ್ಣೆ ಹಾಕಿದ ಅಕ್ಕಿ ಶಾವಿಗೆ ಕಟ್ಟಿಸಿಕೊಳ್ಳುವಾಗ ಒಂದರ ಜೊತೆಗೆ ಇನ್ನೊಂದನ್ನೂ ಕಟ್ಟಿಸತೊಡಗಿದಳು. "ಅಂಗಡಿಯವಳು ಜಾಸ್ತಿ ಕೊಟ್ಟುಬಿಟ್ಟಳು," ಎಂದು ಅವನ ಮುಂದೆ ಕುಕ್ಕುತ್ತಿದ್ದಳು. ಅವನು ಏನೂ ಕೇಳದೆ ತಿಂದು ಮುಗಿಸುತ್ತಿದ್ದ. ಚೆನ್ನಾಗಿದೆ ಅಂತ ಒಂದು ಮಾತಾದರೂ? ಊಹೂಂ!

* * *

ಚಳಿ ಶುರುವಾದ ಮೇಲೆ ಒಂದು ದಿನ ದೆಶುನ್ ತಾನಾಗಿಯೇ ಬಾಯಿ ಬಿಟ್ಟ. ಸುಲಾನ್ ಬೆಚ್ಚಿಬಿದ್ದಳು.

"ಊರಲ್ಲಿ, ನಮ್ಮನೇಲಿ ಮದುವೆ ಇದೆ. ಒಂದು ಚಹಾ ಕೂಜಾ, ಮುಚ್ಚಳದ ಬಟ್ಟಲು ಒಂದು ಜೋಡಿ ಬೇಕು. ಪ್ಲಮ್ ಕೊಂಬೆ ಮೇಲೆ ಜೋಡಿ ಹಕ್ಕಿ. ಗೆರೆ ನೀವೇ ಬರೀಬೇಕು."

ಮದುವೆ!

ಅವಳ ಕೈಯ ಕುಂಚ ಅಲ್ಲೇ ನಿಂತಿತು. ಮದುವೆಯ ದಿನ ಹಿರಿಯರಿಗೆ ಕೊಡುವ ಚಹಾ. ಅದರ ಬಟ್ಟಲನ್ನು ಮದುವೆಗಂಡು ತಾನೇ ಮಾಡಿಸಿಕೊಂಡು ಹೋಗುತ್ತಿದ್ದಾನೆ. ಅದೂ ನನ್ನ ಕೈಯಲ್ಲಿ...

"ಯಾವಾಗ?"

"ಹತ್ತಿರದಲ್ಲೇ."

"ಸಂತೋಷ," ಎಂದಳು. ಸಂತೋಷದ ಸುಳಿವೂ ಆ ದನಿಯಲ್ಲಿರಲಿಲ್ಲ.

ಮಧ್ಯಾಹ್ನ ಚಿಕ್ಕಮ್ಮನ ಹತ್ತಿರ ಮೆಲ್ಲಗೆ ಕೇಳಿದಳು. "ಹುಡುಗಿ ಯಾರಂತೆ?"

"ನಂಗೇನು ಗೊತ್ತು? ಅವನ ಬಾಯಿಂದ ಮಾತು ತೆಗೆಯೋದಕ್ಕಿಂತ ಮರಳಿಂದ ಎಣ್ಣೆ ತೆಗೆಯೋದು ಸುಲಭ. ನೀನೇ ಕೇಳು."

ಕೇಳುವುದೇ? ಸತ್ತರೂ ಕೇಳುವುದಿಲ್ಲ!

ಹಸಿ ಕೂಜಾದ ಮೇಲೆ ಹಕ್ಕಿಗಳನ್ನು ಬರೆದಳು. ದೆಶುನ್ ಬಹಳ ಹೊತ್ತು ನೋಡಿದ.

"ಈ ಹಕ್ಕಿ ಸಿಡುಕ್ತಿದೆ."

"ಏನು?"

"ಮೋರೆ ನೋಡಿ. ಪಕ್ಕದಲ್ಲಿರೋದನ್ನ ಕುಕ್ಕೋ ಹಾಗಿದೆ. ಮದುವೆಗೆ ಇದು ಆಗಲ್ಲ."

ಅವಳು ತುಟಿ ಕಚ್ಚಿ ಗೆರೆಗಳನ್ನು ಚಾಕುವಿನಿಂದ ಹೆರೆದು ತೆಗೆದಳು. ಮತ್ತೆ ಬರೆದಳು. ಈ ಸಲ ಕೊಕ್ಕು ತಗ್ಗಿಸಿದಳು, ಕಣ್ಣು ಸಣ್ಣದು ಮಾಡಿದಳು.

"ಈಗ ಅಳ್ತಿದೆ."

"ಹಕ್ಕಿ ಎಲ್ಲಾದ್ರೂ ಅಳುತ್ತಾ?"

"ಇದು ಅಳ್ತಿದೆ."

ಮತ್ತೆ ಹೆರೆದಳು. ಮತ್ತೆ ಬರೆದಳು. ಅವನು ಕೂಜಾವನ್ನು ಆ ಕಡೆ ಈ ಕಡೆ ತಿರುಗಿಸಿ ನಿಟ್ಟುಸಿರು ಬಿಟ್ಟ.

"ಈಗ ಎರಡೂ ಮುಖ ತಿರುಗಿಸಿಕೊಂಡಿವೆ. ಒಂದರ ಮೇಲೊಂದಕ್ಕೆ ಸಿಟ್ಟಾ?"

ಅಷ್ಟೇ! ಸುಲಾನ್‌ಳ ತಾಳ್ಮೆ ಕಿತ್ತುಹೋಯಿತು. ಅವನ ಕೈಯಿಂದ ಕೂಜಾ ಕಿತ್ತುಕೊಂಡವಳೇ, ಒಡೆದ ಹಸಿ ಚೂರುಗಳನ್ನು ನೆನೆಹಾಕುವ ತೊಟ್ಟಿಗೆ ಎಸೆದುಬಿಟ್ಟಳು.

ಬುಳಕ್!

"ತಗೊಳ್ಳಿ ನಿಮ್ಮ ಹಕ್ಕಿ! ಬೇಕಾದ್ರೆ ನಿಮ್ಮ ಹೆಂಡ್ತೀನೇ ಬಂದು ಬರ್ಕೊಳ್ಲಿ!"

ಹಸಿ ಮಣ್ಣು ನೀರಲ್ಲಿ ಎಷ್ಟು ಹೊತ್ತು ನಿಂತೀತು? ಮೊದಲು ಮೂತಿ ಕಳಚಿತು, ಆಮೇಲೆ ಹಿಡಿ. ಹೊಟ್ಟೆ ಮೆತ್ತಗಾಗಿ ಕುಸಿಯಿತು. ಎರಡು ಹಕ್ಕಿಗಳೂ ಕಪ್ಪು ಹೊಗೆಯಂತೆ ನೀರಲ್ಲಿ ಕದಡಿಹೋದವು.

ದೆಶುನ್ ತೊಟ್ಟಿಯ ಮೇಲೆ ಬಾಗಿದ. ಅವನ ಮುಖ ಬಿಳಿಚಿಕೊಂಡಿತ್ತು.

"ಯಾರ ಹೆಂಡ್ತಿ?" ಎಂದ.

"ನೀವು ಮದುವೆ ಆಗ್ತಿರೋಳು! ಇನ್ಯಾರು?"

"ನಾನಾ?" ಅವನು ಕಣ್ಣು ಮಿಟುಕಿಸಿದ. "ಮದುವೆ ನಮ್ಮಮ್ಮಂದು."

ಸುಲಾನ್‌ಳ ಬಾಯಿ ತೆರೆದೇ ಇತ್ತು.

"ಅ... ಅಮ್ಮಂದಾ?"

ಅವನು ತೊಟ್ಟಿಯ ಅಂಚಿನ ಮೇಲೆ ಕುಳಿತ. ಆ ಮನೆಗೆ ಬಂದಮೇಲೆ ಮೊದಲ ಸಲ ದೆಶುನ್ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು.

"ಅಪ್ಪ ಹೋದಾಗ ನಾನಿನ್ನೂ ಶಾಲೆಗೆ ಹೋಗ್ತಿದ್ದೆ. ಅಮ್ಮ ಪೊಯಾಂಗ್ ಸರೋವರದ ದಡದಲ್ಲಿ ಬಲೆ ಹೆಣೆದು ನಮ್ಮನ್ನ ಸಾಕಿದ್ಲು. ಈಗ ಪಕ್ಕದ ಬೀದಿ ಲೊ ಮಾಮ, ಸೋಯಾ ಗಿಣ್ಣು ಮಾಡ್ತಾರೆ, ಹೆಂಡ್ತಿ ತೀರ್ಕೊಂಡಿದ್ದಾಳೆ... ಅವರನ್ನ ಮದುವೆ ಆಗ್ತೀನಿ ಅಂದ್ಲು. ಅಕ್ಕ ಮನೆ ಮೆಟ್ಟಿಲು ಹತ್ತಲ್ಲ ಅಂತ ಹಟ ಹಿಡಿದಿದ್ದಾಳೆ. ಊರವರು ನಗ್ತಿದ್ದಾರೆ, ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಇದೆಂಥದು ಅಂತ. ಅಮ್ಮನ ಕಡೆಯಿಂದ ನಾನೊಬ್ಬನೇ. ಚಹಾ ಆದ್ರೂ ಒಳ್ಳೇ ಬಟ್ಟಲಲ್ಲಿ ಕೊಡೋಣ ಅಂತ..."

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ? ನಾನೂ ನಗ್ತೀನಿ ಅಂದ್ಕೊಂಡ್ರಾ?"

"ನೀವು ಕೇಳ್ಲಿಲ್ಲ."

"ಅಯ್ಯೋ ದೇವರೇ!" ಸುಲಾನ್‌ಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅತ್ತುಬಿಟ್ಟಳು. "ಈಗೇನ್ರೀ ಮಾಡೋದು? ಮದುವೆ ಯಾವಾಗ?"

"ಮುಂದಿನ ವಾರ."

ಒಳಗಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಚಿಕ್ಕಮ್ಮ ಗದರಿದಳು. "ಹೊಸ ಕೂಜಾ ತಿರುಗಿಸಿ, ಒಣಗಿಸಿ, ಮೂತಿ ಅಂಟಿಸೋ ಹೊತ್ತಿಗೆ ಮದುವೆ ಮುಗಿದಿರುತ್ತೆ. ಒಣಗಿಸಿಟ್ಟಿರೋ ಆ ಎರಡು ಬಟ್ಟಲಾದ್ರೂ ಇವೆಯಲ್ಲ? ಅಳೋದು ಆಮೇಲೆ, ಮೊದಲು ಕೂತು ಬರಿ! ನಾಳಿದ್ದು ಆವಿಗೆ ಹಚ್ತೀನಿ."

ಸುಲಾನ್ ಕಣ್ಣೊರೆಸಿಕೊಂಡು ಕೂತಳು. ಎಂದೂ ನೋಡದ ಆ ತಾಯಿಯನ್ನು ನೆನೆದಳು. ನಗುವ ಊರಿನ ನಡುವೆ, ಈ ವಯಸ್ಸಿನಲ್ಲಿ, ನನಗೆ ಈ ಮನುಷ್ಯ ಬೇಕು ಎಂದು ಬಾಯಿಬಿಟ್ಟು ಹೇಳಿದ ಹೆಂಗಸು...

(ನನಗೆ ಆ ಧೈರ್ಯ ಇದೆಯಾ?)

ಗೆರೆ ಹರಿಯಿತು. ಬಟ್ಟಲನ್ನು ಅವನತ್ತ ಚಾಚಿದಳು. ಅವನು ಹಕ್ಕಿಗಳನ್ನು ನೋಡಿದ. ಈ ಸಲ ತಲೆದೂಗಿದ. ಕುಂಚಕ್ಕೆ ನೀರು ತುಂಬಿಕೊಂಡ.

* * *

"ಬಸ್ಸು ಕುಲುಕುತ್ತೆ. ಎರಡು ಬಟ್ಟಲಿಗೆ ಎರಡು ಮಡಿಲು ಬೇಕು. ನೀನೂ ಹೋಗು," ಎಂದು ಚಿಕ್ಕಮ್ಮ ಸುಲಾನ್‌ಳನ್ನು ಹೊರಡಿಸಿದಳು.

ಮದುವೆ ಮನೆಯಲ್ಲಿ ಲೊ ಮಾಮನ ಕಡೆಯ ಬೆಂಚುಗಳು ತುಂಬಿದ್ದವು. ಈ ಕಡೆಯದು ಖಾಲಿ. ಕಡುಗೆಂಪು ಅಂಗಿ ತೊಟ್ಟ ದೆಶುನ್‌ನ ತಾಯಿ ನಗುತ್ತಿದ್ದಳು. ಆದರೆ ಕಣ್ಣು ಮಾತ್ರ ಮತ್ತೆ ಮತ್ತೆ ಬಾಗಿಲ ಕಡೆಗೆ ಹೋಗುತ್ತಿತ್ತು. ಮಗಳು ಬರಲಿಲ್ಲ.

ಮಕ್ಕಳು ಮದುಮಕ್ಕಳಿಗೆ ಚಹಾ ಕೊಡುವ ಹೊತ್ತು ಬಂತು. ಒಂದು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ದೆಶುನ್ ಅಮ್ಮನ ಮುಂದೆ ಮಂಡಿಯೂರಿದ. ಮಗಳು ಕೊಡಬೇಕಿದ್ದ ಇನ್ನೊಂದು ತಟ್ಟೆಯಲ್ಲೇ ಉಳಿಯಿತು. ಲೊ ಮಾಮ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಗೆ ಒರೆಸಿಕೊಂಡ.

ಸುಲಾನ್‌ಗೆ ತಡೆಯಲಾಗಲಿಲ್ಲ. ಎದ್ದು ಬಂದು ಆ ಬಟ್ಟಲನ್ನು ಎತ್ತಿಕೊಂಡಳು. ದೆಶುನ್‌ನ ಪಕ್ಕದಲ್ಲೇ ಮಂಡಿಯೂರಿದಳು.

"ಚಹಾ ತಗೊಳ್ಳಿ ಮಾಮ."

ಮುದುಕ ಗಡಿಬಿಡಿಯಲ್ಲಿ ಬಟ್ಟಲನ್ನು ಸೆಳೆದುಕೊಂಡ. ಚಹಾ ಅರ್ಧ ಅಂಗಿಯ ಮೇಲೆ ಚೆಲ್ಲಿತು, ಉಳಿದರ್ಧವನ್ನು ಅಳುತ್ತಲೇ ಕುಡಿದ. ತಾಯಿ ತನ್ನ ಬಟ್ಟಲನ್ನು ಕೆನ್ನೆಗೆ ಒತ್ತಿಕೊಂಡಳು.

"ಇದನ್ನ ಬರೆದೋಳು ನೀನೇನಾ ಮಗಳೇ?"

ಮಗಳೇ ಎಂಬ ಮಾತಿಗೆ ಸುಲಾನ್‌ಳ ಕಣ್ಣು ತುಂಬಿತು. ಹೌದೆಂದು ತಲೆಯಾಡಿಸಿದಳು.

ಹಿಂದಿನ ಬೆಂಚಿನಲ್ಲಿ ಗುಸುಗುಸು. "ಸೊಸೆ ಕಣೇ! ದೆಶುನ್ ಯಾವಾಗ ಮದುವೆ ಆದ?" "ಗುಟ್ಟಾಗಿ ಆಗಿರ್ಬೇಕು, ಅವನೇನು ಬಾಯಿ ಬಿಡ್ತಾನಾ?"

ಸುಲಾನ್ ಕಿವಿವರೆಗೂ ಕೆಂಪಾದಳು. ದೆಶುನ್ ಅವರಿಗೆ ಏನಾದರೂ ಹೇಳುತ್ತಾನೆಂದು ಕಾದಳು. ಅವನು ಹಾಯಾಗಿ ಎದ್ದು ಮಂಡಿಯ ಧೂಳು ಕೊಡವಿಕೊಂಡ!

ಅವನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಎದುರಿಗೆ ಚಳಿಗಾಲದ ಸರೋವರ ಹರಡಿಕೊಂಡಿತ್ತು. ದೂರದಲ್ಲಿ ಕೊಕ್ಕರೆಗಳು ಕೆಸರಲ್ಲಿ ಮೇಯುತ್ತಿದ್ದವು.

"ಕೇಳಿಸ್ಲಿಲ್ವಾ ಅವರು ಅಂದಿದ್ದು?"

"ಕೇಳಿಸ್ತು."

"ಮತ್ತೆ ಅಲ್ಲ ಅಂತ ಹೇಳ್ಬಾರ್ದಾ? ನಾನೇನು ನಿಮ್ಮ ಹೆಂಡ್ತಿನಾ?"

"ಇನ್ನೂ ಇಲ್ಲ."

ಸುಲಾನ್ ಹಿಡಿದಿದ್ದ ಅವನ ತೋಳನ್ನು ಬಿಟ್ಟುಬಿಟ್ಟಳು.

"ಏನಂದ್ರಿ?"

ಅವನು ಸರೋವರ ನೋಡಿದ, ತನ್ನ ಕಾಲು ನೋಡಿದ, ಕೊನೆಗೆ ಅವಳನ್ನು ನೋಡಿದ.

"ನಿಮ್ಮ ಗೆರೆ ಇದೆಯಲ್ಲ... ಅದರಲ್ಲಿ ನೀವು ಎಲ್ಲಿ ಉಸಿರು ಬಿಗಿ ಹಿಡಿದ್ರಿ, ಎಲ್ಲಿ ಬಿಟ್ರಿ ಅಂತ ಗೊತ್ತಾಗುತ್ತೆ. ನಾನು ನೀರು ತುಂಬುವಾಗ ಅಲ್ಲೇ ಬಿಗಿ ಹಿಡೀತೀನಿ, ಅಲ್ಲೇ ಬಿಡ್ತೀನಿ. ದಿನವೆಲ್ಲ ಹಾಗೇ. ಈಗ... ಕೆಲಸ ಇಲ್ಲದಾಗಲೂ ಹಾಗೇ ಆಗ್ತಿದೆ. ನೀವು ಇಲ್ಲದ ದಿನ ಉಸಿರಾಡೋದು ಹೇಗೆ ಅಂತ ಗೊತ್ತಾಗಲ್ಲ ನಂಗೆ."

ಅವಳ ಗೆರೆಯನ್ನು ಹೊಗಳಿದವರು ಎಷ್ಟೋ ಮಂದಿ. ಅದರೊಳಗಿನ ಉಸಿರನ್ನು ಕಂಡವನು ಇವನೊಬ್ಬನೇ. ಕಂಡೂ ಇಷ್ಟು ತಿಂಗಳು ಬರೀ ಹೂಂಗುಟ್ಟುತ್ತಾ ಕೂತಿದ್ದನಲ್ಲ!

"ಪಾಪಿ!" ಅವನ ಎದೆಗೆ ಗುದ್ದಿದಳು. ಗುದ್ದಿದ ಕೈಯನ್ನು ಅವನು ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ. "ಇಷ್ಟು ಮಾತು ಹೊಟ್ಟೇಲಿಟ್ಕೊಂಡು ನನ್ನನ್ನ ಹುಚ್ಚಿ ಮಾಡ್ಬಿಟ್ರಿ. ಹ್ಞೂಂ ಅಂತೀನಿ ನಾನು. ಕೇಳಿಸ್ತಾ? ಹ್ಞೂಂ!"

ಒಳಗಿಂದ ತಾಯಿ ಕೂಗಿದಳು. "ಲೋ ದೆಶುನ್, ಮೀನು ಆರಿಹೋಗ್ತಿದೆ! ಅವಳನ್ನ ಕರ್ಕೊಂಡು ಬಾರೋ!"

ದೆಶುನ್ ಮೊದಲ ಸಲ ಬಾಯ್ತುಂಬ ನಕ್ಕ.

"ಬರ್ತೀಯಾ?"

ಅವಳು ಹುಬ್ಬೇರಿಸಿದಳು. "ಬರ್ತೀಯಾ? 'ಬರ್ತೀರಾ' ಎಲ್ಲಿ ಹೋಯ್ತು?"

"ಸರೋವರಕ್ಕೆ ಬಿತ್ತು."

"ಬೀಳ್ಲಿ ಬಿಡು," ಎಂದಳು ಸುಲಾನ್, ಹಿಡಿದ ಕೈ ಬಿಡದೆ. "ನಡಿಯೋ, ನಂಗೂ ಹಸಿವಾಗ್ತಿದೆ."